ಕಿವಿಯ ಕನ್ನಡ, ಕಣ್ಣಿನ ಕನ್ನಡ

ಬೆಳಗಾವಿಯ ಟಿಳಕವಾಡಿಯಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಏಳು ಮಂದಿ ತರುಣ ತರುಣಿಯರು ಕುಳಿತು ಮೊಬೈಲಿನ ಪರದೆಗಳಿಗೆ ರೂಪ ಕೊಡುತ್ತಾರೆ. ಯಾವ ಗುಂಡಿ ಎಲ್ಲಿರಬೇಕು, ಅದರ ಬಣ್ಣವೇನು, ಅಕ್ಷರ ಎಷ್ಟು ದಪ್ಪಗಿರಬೇಕು ಎಂಬುದನ್ನು ನಿರ್ಣಯಿಸುವುದೇ ಇವರ ಕಸುಬು. ಡಿಜಿಟಲ್ ವಿನ್ಯಾಸವೆಂದು ಅದಕ್ಕೆ ಹೆಸರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ರೈತರು ತುಂಬಬೇಕಾದ ಕನ್ನಡ ಅರ್ಜಿಯೊಂದನ್ನು ಅವರು ಸಿದ್ಧಪಡಿಸಿದ್ದರು. ಅದರಲ್ಲಿ ತಪ್ಪುಗಳೇನಾದರೂ ಉಳಿದಿವೆಯೇ ನೋಡಬೇಕೆಂದು ಅವನು ಕರೆದದ್ದರಿಂದ ನಾನು ಅಲ್ಲಿಗೆ ಹೋದೆ.

ಮೂರನೆಯ ಸಾಲಿನಲ್ಲಿ ‘ಹಳಿಯ ಹೆಸರು’ ಎಂದಿತ್ತು. ರೈಲ್ವೆಗೆ ಸಂಬಂಧಿಸಿದ್ದೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ‘ಹಳ್ಳಿ’. ಇಂಗ್ಲಿಷಿನ ಅಳತೆಗೆ ಮಾಡಿದ ಚೌಕದಲ್ಲಿ ಕನ್ನಡವನ್ನು ಕೂರಿಸಿದ್ದರಿಂದ, ಸಾಲಿನ ಕೆಳಗೆ ಇಳಿಯಬೇಕಾದ ಒತ್ತಕ್ಷರ ಕತ್ತರಿಸಿಹೋಗಿತ್ತು. ದೇವನಾಗರಿಯ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ನಮ್ಮವು ಕೆಳಗಿಳಿಯುತ್ತವೆ. ‘ರಾಷ್ಟ್ರ’ ಎಂದು ಬರೆಯಬೇಕಾದರೆ ಎರಡು ಒತ್ತುಗಳಿಗೆ ಎಡೆ ಬೇಕು. ಈ ದೋಷವನ್ನು ತಿದ್ದಲು ಹುಡುಗರಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಎರಡು ವಾರ ಅದೇ ಪರದೆಯನ್ನು ದಿಟ್ಟಿಸಿದವರ ಪೈಕಿ ಒಬ್ಬರೂ ಅದನ್ನು ಕಂಡಿರಲಿಲ್ಲವೆಂಬುದು ನನ್ನನ್ನು ಯೋಚನೆಗೆ ಹಚ್ಚಿತು. ಕನ್ನಡವನ್ನು ಸರಾಗವಾಗಿ ಓದಬಲ್ಲವರು ಅಲ್ಲಿ ಇಬ್ಬರೇ; ಅವರಿಬ್ಬರೂ ಬೇರೆ ಕೆಲಸದಲ್ಲಿದ್ದರಂತೆ.

ಚಹಾ ಬಂತು. ಇತ್ತೀಚೆಗೆ ಏನು ಓದಿದಿರಿ, ಏನು ನೋಡಿದಿರಿ ಎಂದು ಮಾಸ್ತರಿಕೆಯ ಚಟದಂತೆ ಕೇಳಿದೆ. ನೋಡಿದ್ದರ ಪಟ್ಟಿಗೆ ಕೊನೆಯೇ ಇರಲಿಲ್ಲ. 2025ರ ಅಕ್ಟೋಬರದಲ್ಲಿ ತೆರೆಕಂಡ ‘ಕಾಂತಾರ’ದ ಹೊಸ ಭಾಗವನ್ನು ಏಳೂ ಮಂದಿ ಕನ್ನಡದಲ್ಲೇ ನೋಡಿದ್ದರು. ಅದಕ್ಕೆ ಕೆಲವೇ ದಿನ ಮೊದಲು ಬಂದ ಮರಾಠಿಯ ‘ದಶಾವತಾರ’ವನ್ನು ಐವರು ನೋಡಿದ್ದರು. ಒಂದರಲ್ಲಿ ತುಳುನಾಡಿನ ದೈವ, ಇನ್ನೊಂದರಲ್ಲಿ ಕೊಂಕಣದ ಬಯಲಾಟದ ಮುದಿ ಕಲಾವಿದನಾಗಿ ದಿಲೀಪ್ ಪ್ರಭಾವಳಕರ್. ಎರಡೂ ಒಂದೇ ಸಹ್ಯಾದ್ರಿಯ ಕಾಡಿನ ಕಥೆಗಳೆಂದು ಒಬ್ಬ ಹುಡುಗ ಹೇಳಿದ ಮಾತು ನನಗೆ ಮೆಚ್ಚುಗೆಯಾಯಿತು. ವಿಮರ್ಶಕರು ಇದನ್ನು ಹೇಳಲು ನಾಲ್ಕು ಪುಟ ತೆಗೆದುಕೊಳ್ಳುತ್ತಾರೆ. ‘ಸು ಫ್ರಮ್ ಸೋ’ ಚಿತ್ರದ ಕರಾವಳಿ ಮಾತು ನನಗೇ ಕೆಲವೆಡೆ ತೊಡಕಾಗಿತ್ತು. ಇವರು ಅದಕ್ಕೆ ನಕ್ಕು ಸುಸ್ತಾಗಿದ್ದರು.

ಓದಿನ ಮಾತು ಬಂದಾಗ ಸದ್ದು ಕಡಿಮೆಯಾಯಿತು. ಒಬ್ಬಳು ಬಾನು ಮುಷ್ತಾಕರ ಕಥೆಗಳನ್ನು ಓದಿದ್ದಳು, ಆದರೆ ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ; 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಪುಸ್ತಕವದು. ನನ್ನ ವಿದ್ಯಾರ್ಥಿ ಮಾತ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಕನ್ನಡದಲ್ಲಿ ಮೂರನೆಯ ಸಲ ಓದುತ್ತಿದ್ದ. ಖಾನಾಪುರದಿಂದ ದಿನವೂ ರೈಲಿನಲ್ಲಿ ಬರುವ ಹುಡುಗಿಯೊಬ್ಬಳು ಭೈರಪ್ಪನವರ ‘ಪರ್ವ’ವನ್ನು ಮುಗಿಸಿದ್ದಳು. 2025ರ ಸಪ್ಟೆಂಬರದಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ, ಮನೆಯಲ್ಲಿ ಆಜಿ ಇಟ್ಟುಕೊಂಡಿದ್ದ ಪ್ರತಿಯನ್ನು ತೆಗೆದಳಂತೆ. ಅದು ಮರಾಠಿಯ ಪ್ರತಿ. ಕನ್ನಡದಲ್ಲೇಕೆ ಓದಲಿಲ್ಲವೆಂದು ಕೇಳಿದೆ.

“ಕೇಳಿದ್ರ ಎಲ್ಲಾ ತಿಳೀತದರಿ ಸರ. ಓದಾಕ ಕುಂತ್ರ ಒಂದೊಂದ ಅಕ್ಷರ ಕೂಡಿಸಬೇಕಾಗ್ತದ. ಅಷ್ಟರಾಗ ಕಥಿ ಮರತಹೋಗ್ತದ.”

ಈ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಹಟವೂ ಇರಲಿಲ್ಲ. ಗಡಿನಾಡಿನ ಭಾಷಾ ಪ್ರಶ್ನೆಯನ್ನು ಕುರಿತು ನಾನು ಕೇಳಿದ ಭಾಷಣಗಳಲ್ಲೆಲ್ಲೂ ಇಷ್ಟು ಸರಿಯಾದ ರೋಗಲಕ್ಷಣ ಕಂಡಿರಲಿಲ್ಲ.

ಅವಳು ಓದಿದ ಆ ಮರಾಠಿ ಪ್ರತಿಯ ಹಿಂದೆಯೂ ಬೆಳಗಾವಿಯದೇ ಕಿವಿಯಿದೆ. ಭೈರಪ್ಪನವರನ್ನು ಮರಾಠಿಗರ ಮನೆಮನೆಗೆ ಮುಟ್ಟಿಸಿದ ಉಮಾ ಕುಲಕರ್ಣಿಯವರು ಹುಟ್ಟಿದ್ದು ಈ ಊರಿನಲ್ಲಿ. ‘ವಂಶವೃಕ್ಷ’ದ ಅನುವಾದಕ್ಕೆ ಅವರಿಗೆ 1989ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿತು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಮೂಲವನ್ನು ಗಟ್ಟಿಯಾಗಿ ಓದುವುದು, ಅದನ್ನು ಕೇಳಿ ಇವರು ಮರಾಠಿಯಲ್ಲಿ ಬರೆಯುವುದು – ಇದು ಅವರು ಕಂಡುಕೊಂಡ ದಾರಿ. ಹಾಗಾದರೆ ಕಿವಿಯೇ ಸಾಕಲ್ಲವೇ ಎಂದು ಕೇಳುವವರುಂಟು. ಆದರೆ ಆ ಮನೆಯಲ್ಲಿ ಓದಿ ಹೇಳುವ ಒಬ್ಬರಿದ್ದರು ಎಂಬುದನ್ನು ಮರೆಯಬಾರದು.

ಲಿಪಿಯೂ ನುಡಿಯೂ ಬೇರೆಬೇರೆ ಎಂಬುದಕ್ಕೆ ಖಾನಾಪುರ ತಾಲೂಕಿನಷ್ಟು ಹಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು? ಅಲ್ಲಿಯ ಹಲಸಿ ಕದಂಬರ ಪಲಾಶಿಕಾ. ಅಲ್ಲಿ ದೊರೆತ ತಾಮ್ರಪಟಗಳ ಭಾಷೆ ಸಂಸ್ಕೃತ; ಅಕ್ಷರಗಳೋ ಇಂದಿನ ಕನ್ನಡ ಲಿಪಿಯ ಪೂರ್ವಜರು. ಮರಾಠಿಯೂ ಶತಮಾನಗಳ ಕಾಲ ಮೋಡಿಯಲ್ಲಿ ಬರೆಯಲ್ಪಟ್ಟು, ಆಮೇಲೆ ದೇವನಾಗರಿಗೆ ನೆಲೆನಿಂತಿತು. ಒಂದು ಭಾಷೆಯನ್ನು ಬಲ್ಲವನಿಗೆ ಅದರ ಲಿಪಿ ತಾನಾಗಿಯೇ ಒಲಿಯುವುದಿಲ್ಲ. ಅದಕ್ಕೆ ಬೇರೆಯೇ ರೂಢಿ ಬೇಕು.

ಸರಕಾರಕ್ಕೆ ಈ ಭೇದ ಹೊಳೆದಂತಿಲ್ಲ. 2024ರ ತಿದ್ದುಪಡಿ ಕಾಯಿದೆ ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ನಾನು ಅದರ ವಿರೋಧಿಯಲ್ಲ. ಬೆಳಗಾವಿಯ ಪೇಟೆಯಲ್ಲಿ ಕನ್ನಡ ಎದ್ದು ಕಾಣುವುದು ನನಗೂ ಸಂತೋಷವೇ. ಆದರೆ ಫಲಕವನ್ನು ಅಂಗುಲದಿಂದ ಅಳೆಯಬಹುದು, ಓದನ್ನು ಅಳೆಯಲಾಗದು. ಎರಡು ಶಬ್ದದ ಫಲಕವನ್ನು ಚಿತ್ರದಂತೆ ಗುರುತಿಸಿ ಮುಂದೆ ಸಾಗಬಹುದು. ಅರ್ಜಿಯನ್ನು ಹಾಗೆ ತುಂಬಲು ಬರುವುದಿಲ್ಲ. 2000ದಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿಯೇ ಗಣಕಯಂತ್ರದಿಂದ ಇಳಿದುಬರುತ್ತಿದೆ. ರೈತ ಇನ್ನು ಮುಂದೆ ತನ್ನ ಹೊಲವನ್ನೂ ಸಾಲವನ್ನೂ ಇಂಥ ತರುಣರು ಕಟ್ಟಿದ ಚೌಕಗಳೊಳಗೇ ಕಾಣಬೇಕು. ಅವರ ಕಿವಿ ಎಷ್ಟೇ ಚುರುಕಾಗಿರಲಿ, ಬಿದ್ದುಹೋದ ಒತ್ತು ಕಿವಿಗೆ ಕೇಳಿಸುವುದಿಲ್ಲ.

ತಪ್ಪು ಅವರದೇ ಎನ್ನಲು ನನಗೆ ಬಾಯಿ ಬರದು. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಮನೆಯಲ್ಲಿ ಮರಾಠಿಯಾಡುವ ಮಕ್ಕಳಿಗೆ ಕಾಗುಣಿತ ತಿದ್ದಿಸಿ ಅಂಕ ಹಾಕಿದೆನೇ ಹೊರತು, ಮುಂದೇನಾಯಿತೆಂದು ತಿಳಿಯುವ ಆತುರ ಹುಟ್ಟಿಸುವ ಒಂದು ಕಥೆಯನ್ನು ಅವರ ಕೈಗಿಡಲಿಲ್ಲ. ಪರೀಕ್ಷೆಗೆ ಓದಿದ ಲಿಪಿ ಪರೀಕ್ಷೆಯೊಡನೆಯೇ ಹೋಯಿತು.

ಹೊರಡುವಾಗ ವಿದ್ಯಾರ್ಥಿಯಿಂದ ‘ಕರ್ವಾಲೊ’ವನ್ನು ಇಸಿದು ಆ ಹುಡುಗಿಗೆ ಕೊಡಿಸಿದೆ. ಖಾನಾಪುರದ ರೈಲಿನಲ್ಲಿ ದಿನಕ್ಕೆರಡು ಪುಟ ಸಾಗುತ್ತಿದೆಯೆಂದು ವರದಿ. ಮೊನ್ನೆ ಫೋನು ಮಾಡಿ, “ಓತಿ ಅಂದ್ರ ಏನ್ರಿ ಸರ?” ಎಂದು ಕೇಳಿದಳು. ನಮ್ಮ ಕಡೆಯ ಓತಿಕ್ಯಾತ ಎಂದೆ.

“ಅಯ್ಯ, ಸರಡಾ! ಅದು ಹಾರತದೇನ್ರಿ?”

ಮುಂದೆ ಓದು ಎಂದು ಹೇಳಿ ಫೋನು ಇಟ್ಟೆ.