ಮೈನಸ್ ಒಂದಕ್ಕೆ ಕನ್ನಡಕ ಸಾಕು

ಶಿಕಾರಿಪುರದ ನನ್ನ ಕನ್ನಡಕದಂಗಡಿಗೆ ಸೊರಬದ ಕಡೆಯವರೂ ಬರುತ್ತಾರೆ. ಈಚೆಗೆ ಬರುವ ಅಪ್ಪ-ಅಮ್ಮಂದಿರ ಫೋನಿನಲ್ಲೊಂದು ವಿಡಿಯೊ: ಕಣ್ಣಿಗೆ ಹಳದಿ ಹನಿ ಬಿಟ್ಟು ನೀಲಿ ಬೆಳಕು ಹಾಯಿಸಿದರೆ ನಂಬರ್ ಹೋಗುತ್ತದಂತೆ, ಕೊಯ್ಯುವುದೂ ಇಲ್ಲವಂತೆ. ಮಗಳ ಮದುವೆಯೊಳಗೆ ಕನ್ನಡಕ ತೆಗೆಸಬೇಕೆನ್ನುವವರೇ ಹೆಚ್ಚು. ಮಗನ ಕನ್ನಡಕದ ಬಗ್ಗೆ ಯಾರೂ ಕೇಳಿದ್ದಿಲ್ಲ.

ವಿಡಿಯೊ ಪೂರ್ತಿ ಸುಳ್ಳಲ್ಲ. ಹನಿ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಬೆಳಕು ಅಲ್ಟ್ರಾವಯಲೆಟ್-ಎ. ಎರಡೂ ಸೇರಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆದು ಬಿಗಿ ಮಾಡುತ್ತವೆ. ಕಣ್ಣಾಸ್ಪತ್ರೆಯವರು ಇದನ್ನು ಸಿ ತ್ರೀ ಆರ್ ಎನ್ನುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2003ರಲ್ಲಿ ಇದರ ಫಲಿತಾಂಶ ಪ್ರಕಟಿಸಿದ್ದು ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಕಾಯಿಲೆಗೆ. 2016ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದೂ ಅದಕ್ಕೇ. ಕಾರ್ನಿಯಾದ ನಡುಭಾಗಕ್ಕಷ್ಟೇ ಬೆಳಕು ಬಿಟ್ಟು, ಅದನ್ನು ಚಪ್ಪಟೆ ಮಾಡಿ, ಸಣ್ಣ ಸಮೀಪದೃಷ್ಟಿ ತಗ್ಗಿಸುವ ಪ್ರಯೋಗಗಳು ಆಮೇಲಿನವು. ಇಳಿದದ್ದು ಸುಮಾರು ಒಂದು ಡಯಾಪ್ಟರ್, ಅಂದರೆ ಒಂದು ನಂಬರ್. ಹೈಸ್ಕೂಲು ಹುಡುಗಿಯ ನಂಬರ್ ಏರುವುದಾದರೋ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತ ಹೋಗುವುದರಿಂದ. ಮುಂದಿನ ಪದರ ಬಿಗಿ ಮಾಡಿದರೆ ಆ ಬೆಳವಣಿಗೆ ನಿಲ್ಲುತ್ತದೆಯೇ? ಇಳಿಸಿದ ನಂಬರ್ ಮತ್ತೆ ಏರಿ ಕೂರುತ್ತದೆ. ಕನ್ನಡಕ ಮಾರುವವನು ಇನ್ನೇನು ಹೇಳಿಯಾನು ಎನ್ನಬೇಡಿ, ಮುಂದಿನದನ್ನೂ ಕೇಳಿ.

ನನಗೆ ಚಿಂತೆ ಬೇರೆ ಮಕ್ಕಳದು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಶಿರಾಳಕೊಪ್ಪದ ಕಡೆ ಎಲ್ಲಿ ನೋಡಿದರೂ ದೂಳು. ಅಲರ್ಜಿಯಿರುವ ಹುಡುಗರು ಬೆರಳ ಗೆಣ್ಣಿನಿಂದ ಕಣ್ಣು ಗಸಗಸ ಉಜ್ಜುತ್ತಾರೆ. ಹಾಗೆ ಉಜ್ಜುವುದಕ್ಕೂ ಕೆರಟೋಕೋನಸ್‌ಗೂ ನಂಟಿದೆ. ಅವರಲ್ಲಿ ಕೆಲವರ ಸಿಲಿಂಡರ್ (ಕಾರ್ನಿಯಾದ ಡೊಂಕು ತಿದ್ದುವ ನಂಬರ್) ಆರಾರು ತಿಂಗಳಿಗೆ ಏರುತ್ತದೆ, ಆಕ್ಸಿಸ್ (ಆ ಡೊಂಕಿನ ಕೋನ) ತಿರುಗುತ್ತದೆ, ಹೊಸ ಗ್ಲಾಸ್ ಹಾಕಿದರೂ ಬೋರ್ಡು ಮಸುಕೇ. ಅಂಥವರಿಗೆ ನಾನು ಗ್ಲಾಸ್ ಮಾಡಿಕೊಡುವುದಿಲ್ಲ. ಶಿವಮೊಗ್ಗಕ್ಕೆ ಹೋಗಿ ಕಾರ್ನಿಯಾದ ಟೊಪಾಗ್ರಫಿ (ಮೇಲ್ಮೈ ನಕ್ಷೆ) ಮಾಡಿಸಿ ಎನ್ನುತ್ತೇನೆ. ಕಾರ್ನಿಯಾ 400 ಮೈಕ್ರಾನ್‌ಗಿಂತ ದಪ್ಪ ಇರುವಾಗಲೇ ಹೋದರೆ ಮಾಮೂಲಿ ಸಿ ತ್ರೀ ಆರ್ ಆಗುತ್ತದೆ: ಮೇಲ್ಪದರ ತೆಗೆದು ಅರ್ಧ ಗಂಟೆ ಹನಿ, ಅರ್ಧ ಗಂಟೆ ಬೆಳಕು, ಆಮೇಲೆ ಕೆಲವು ದಿನ ಉರಿ. ಕನ್ನಡಕ ಹೋಗುವುದಿಲ್ಲ; ಆದರೆ ಬಹುಪಾಲು ಜನರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ತೀರಾ ತಡವಾದರೆ ದಾನಿಯ ಕಾರ್ನಿಯಾಕ್ಕೆ ಕಾಯಬೇಕು. 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ (ಅಪ್ಪು) ಅವರ ದಾನದ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅಂಥ ದಾನ ಎಲ್ಲರಿಗೂ ಹೊತ್ತಿಗೆ ಒದಗುವುದಿಲ್ಲ.

ಶಾಲೆಗೆ ತಪಾಸಣೆಗೆ ಬರುವವರು ಮಗು ಅಕ್ಷರ ಓದಿತೇ ಎಂದಷ್ಟೇ ನೋಡದೆ, ಕಳೆದ ವರ್ಷದ ಕನ್ನಡಕದ ಚೀಟಿ ಕೇಳಿ ಸಿಲಿಂಡರ್ ಹೋಲಿಸಲಿ. ಪೋಷಕರು ಹಳೇ ಚೀಟಿ ಎಸೆಯದೆ ಇಟ್ಟುಕೊಂಡಿರಲಿ.