ಉಳಿದ ಬ್ರೆಡ್ಡು ಒಬ್ಬಾಕಿ ಪಾಲಿಗೇ ಯಾಕ?

ಮನ್ಯಾಗ ಏನರ ಉಳೀತಂದ್ರ ಅದು ಯಾರ ಪಾಲಿಗೆ ಬರ್ತದ, ನೀವ ಹೇಳ್ರಿ. ತಂಗಳ ಚಪಾತಿ, ತಳದಾಗಿನ ಅನ್ನ, ಪಾಕೀಟಿನ ಕಡೀಕಿನ ಒಣಾ ಬ್ರೆಡ್ಡು, ಎಲ್ಲಾ ನಮ್ಮ ಪಾಲು. ಉಳಿದವ್ರಿಗೆ ಬಿಸಿಬಿಸಿ ಆಗಬೇಕು. “ಚೆಲ್ಲೋದ್ಯಾಕ, ನಾ ತಿಂತೀನಿ ಬಿಡು” ಅಂತ ನಾವೂ ಅಂತೀವಿ. ಅನ್ನ ಚೆಲ್ಲಬಾರದು, ಖರೇ. ಆದ್ರ ಆ ನೇಮ ಮನಿ ಮಂದಿಗೆಲ್ಲಾ ಒಂದ ಇರಬೇಕಲ್ಲಾ?

ಅದಕ್ಕ ನನಗ ಹಿಂದಿನ ರಾತ್ರಿನ ಹೊಂದಿಸಿಟ್ಟು ಮುಂಜಾನೆ ಓವನ್ನಿನಾಗ ಇಡೋ ಬ್ರೆಡ್ ಪುಡ್ಡಿಂಗ್ ಭಾಳ ಸೇರ್ತದ. ಹೆಸರು ಕೇಳಿ ಶೋಕಿ ತಿಂಡಿ ಅನ್ಕೋಬ್ಯಾಡ್ರಿ. ಉಳಿದ ಬ್ರೆಡ್ಡು ಹಾಲು-ತತ್ತಿಯೊಳಗ ನೆನಸಿ ಮಾಡೋ ತಿಂಡಿಗೆ ಫ್ರಾನ್ಸಿನವರು ‘ಪ್ಯಾಂ ಪೆರ್ದು’ ಅಂತಾರ. ಅಂದ್ರ ‘ಕಳದುಹೋದ ಬ್ರೆಡ್ಡು’. ಅಮೇರಿಕಾದಾಗ ಎಷ್ಟೋ ಮನ್ಯಾಗ ಕ್ರಿಸ್‌ಮಸ್ ಮುಂಜಾನಿ ನಾಷ್ಟಾಕ್ಕ ಇಂಥಾದ್ದನ್ನ ಹಿಂದಿನ ರಾತ್ರಿನ ಮಾಡಿ ಫ್ರಿಜ್‌ನ್ಯಾಗ ಇಟ್ಟಿರ್ತಾರ. ಹಬ್ಬದ ದಿನ ಯಾರೂ ಒಲಿ ಮುಂದ ನಿಂದರೂ ಹಂಗಿಲ್ಲ.

ನಮ್ಮಂಗ ತತ್ತಿ ತಿನ್ನದವ್ರಿಗೆ ಕಸ್ಟರ್ಡ್ ಪೌಡರ್ ಅದ. 1837ರಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಾಗ ಆಲ್ಫ್ರೆಡ್ ಬರ್ಡ್ ಅಂತ ಒಬ್ಬಾಂವ, ಹೆಂಡ್ತಿಗೆ ತತ್ತಿ ಆಗಿಬರಂಗಿಲ್ಲ ಅಂತ, ಕಾರ್ನ್‌ಫ್ಲೋರ್‌ಲೆ ತತ್ತಿ ಇಲ್ಲದ ಕಸ್ಟರ್ಡ್ ಮಾಡಿದ. ಹೆಂಡ್ತಿ ಉಣ್ಣೋದರ ಸಲುವಾಗಿ ಗಂಡ ತಲಿ ಓಡಿಸಿದ ಕಥಿ. ಮನ್ಯಾಗ ಗಟ್ಟಿಯಾಗಿ ಓದಿ ಹೇಳ್ರಿ!

ನಾಕು ಮಂದಿಗೆ 8 ಬ್ರೆಡ್ಡು ಸಾಕು. ಎರಡು ದಿನದ್ದಾದ್ರ ಇನ್ನೂ ಛಲೋ, ಒಣಗಿದ್ದು ಹಾಲು ಚೊಲೋತ್ನಾಗಿ ಹೀರತದ, ಮುದ್ದಿ ಆಗಂಗಿಲ್ಲ. ಆದ್ರ ಬೂಸ್ಟ್ ಬಂದಿದ್ರ ಅದಷ್ಟ ಚಿವುಟಿ ತಗದು ಉಳಿದದ್ದು ಹಾಕಬ್ಯಾಡ್ರಿ, ಪೂರಾ ಒಗೀರಿ. ಅರ್ಧ ಲೀಟರ್ ಹಾಲಿಗೆ 2 ದೊಡ್ಡ ಚಮಚ ಕಸ್ಟರ್ಡ್ ಪೌಡರ್, 4 ಚಮಚ ಸಕ್ರಿ, ಯಾಲಕ್ಕಿ ಪುಡಿ. ಪೌಡರ್ ತಣ್ಣನ ಹಾಲಿನಾಗ ಕಲಿಸಿ, ಕುದಿಯೋ ಹಾಲಿಗೆ ಹಾಕಿ ತೆಳ್ಳಗ ಕಾಸ್ರಿ. ಹಸೀದ ಸುರುವಿದ್ರ ರಾತ್ರಿ ತಳಕ್ಕ ಕೂಡ್ತದ. ಬಟ್ಟಲಕ್ಕ ತುಪ್ಪ ಸವರಿ ಬ್ರೆಡ್ಡಿನ ತುಂಡು, ಸೇಬಿನ ಹೋಳು, ಬಾಳೆಹಣ್ಣು, ಒಣದ್ರಾಕ್ಷಿ ಹಾಕ್ರಿ. ಆರಿದ ಕಸ್ಟರ್ಡ್ ಮ್ಯಾಲೆ ಸುರುವಿ, ಮುಚ್ಚಿ ಫ್ರಿಜ್‌ನ್ಯಾಗ ಇಡ್ರಿ. ಹಸಿ ಅನಾನಸ, ಪಪ್ಪಾಯಿ ಮಾತ್ರ ಬ್ಯಾಡ, ಹಾಲಿನಾಗ ರಾತ್ರಿ ಎಲ್ಲಾ ಇದ್ರ ಕಹಿ ಆಗ್ತದ.

ಮುಂಜಾನೆ ಅರ್ಧ ತಾಸು ಮೊದಲ ಹೊರಗ ತಗೀರಿ, ಗಾಜಿನ ಬಟ್ಟಲ ಥಂಡಿ ಇದ್ದಾಗ ಬಿಸಿ ಓವನ್ನಿಗೆ ಇಟ್ರ ಒಡೀಬಹುದು. 180 ಡಿಗ್ರಿಗೆ 35–40 ಮಿನಿಟು, ಮ್ಯಾಲೆ ಕೆಂಪಗಾದ್ರ ಆತು. ಅಷ್ಟರಾಗ ನಿಮ್ಮ ಸ್ನಾನ, ಪೂಜಿ, ಚಹಾ ಎಲ್ಲಾ ಮುಗದಿರ್ತದ.

“ರಾತ್ರಿ ಮಾಡಿದ್ದಂದ್ರ ತಂಗಳಲ್ಲೇನ?” ಅಂತ ಹಿರಿಯರು ಕೇಳಬಹುದು. ಇಡ್ಲಿ ಹಿಟ್ಟೂ ರಾತ್ರೀದ ಅಲ್ಲೇನ್ರಿ? ಅದಕ್ಕ ಯಾರೂ ತಂಗಳ ಅನ್ನಂಗಿಲ್ಲ. ಹಗಲೆಲ್ಲಾ ಓವನ್ ಹಚ್ಚಿದ್ರ ಕರೆಂಟ್ ಬಿಲ್ ಬರ್ತದ ಅನ್ನೋ ಮಾತಿಗೆ ನಾನೂ ಹೂಂ ಅಂತೀನಿ. ದಿನಾ ಮಾಡ್ರಿ ಅಂತ ಯಾರು ಹೇಳ್ಯಾರ? ತಿಂಗಳಿಗೆ ಒಂದು ರವಿವಾರ ಸಾಕು.

ರವಿವಾರದ ದ್ವಾಶಿ ನೆನಸ್ಕೋರಿ. ಎಲ್ಲಾರೂ ಬಿಸಿಬಿಸಿ ತಿಂದು ಎದ್ದ ಮ್ಯಾಲೆ ನಮಗ ಕಡೀ ಹಿಟ್ಟಿನ ಒಂದು ದ್ವಾಶಿ, ತಳದಾಗಿನ ಚಟ್ನಿ. ಈ ಪುಡ್ಡಿಂಗ್ ಒಂದ ಸಲಕ್ಕ ಎಲ್ಲಾರಿಗೂ ಆಗ್ತದ. ಉಳಿದ ಬ್ರೆಡ್ಡು ಮಾವನವರ ತಾಟಿಗೂ ಬರ್ತದ, ಮೊಮ್ಮಗನ ತಾಟಿಗೂ ಬರ್ತದ. ಹಂಗಾಗಿ ಮಾಡಿ, ಮತ್ತ ಬಡಿಸಿಕೋತ ನಿಂದರಬ್ಯಾಡ್ರಿ. ಎಲ್ಲಾರ ಜೋಡಿ ನಿಮ್ಮ ತಾಟೂ ಹಚ್ಚಿ, ಮೊದಲ ಕೂಡ್ರಿ.