ತಾಗಿದ್ದು ಬೇರೆ, ತಳ್ಳಿದ್ದು ಬೇರೆ
ಗಾಂಧಿ ಬಜಾರಿನಲ್ಲಿ ಬಂಪರಿಗೆ ಬಂಪರ್ ಸೋಕಿದರೆ ಇಬ್ಬರೂ ಇಳಿದು ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಕಾಲಿಟ್ಟ ಜರ್ಮನಿಯ ಡಿಟಿಎಂ ಎಂಬ, ಚಕ್ರ ಮುಚ್ಚಿದ ಕಾರುಗಳ ರೇಸಿನಲ್ಲಿ ಅಂಥ ಸೋಕು ಮಾಮೂಲು. ಮಾಮೂಲಾಗಿಯೇ ಇರಲಿ ಎನ್ನುವ ಪಕ್ಷ ನನ್ನದು. ತಾಗಿದ್ದಕ್ಕೆಲ್ಲ ದಂಡ ಹಾಕುತ್ತ ಹೋದರೆ ತಿರುವಿನ ಒಳಬದಿಗೆ ಮೂಗು ತೂರಿಸುವ ಧೈರ್ಯವನ್ನೇ ಯಾರೂ ಮಾಡುವುದಿಲ್ಲ, ಆಮೇಲೆ ಉಳಿಯುವುದು ಬರೀ ಮೆರವಣಿಗೆ. ಚಕ್ರಗಳು ಬಯಲಿಗಿರುವ ಫಾರ್ಮುಲಾ ಕಾರುಗಳ ಮಾತು ಬೇರೆ: ಹಿಂದಿನವನ ಮುಂಚಕ್ರ ಮುಂದಿನವನ ಹಿಂಚಕ್ರವನ್ನು ಹತ್ತಿತೆಂದರೆ ಕಾರು ಗಾಳಿಗೇಳುತ್ತದೆ. ಹಾಗಾದರೆ ಚಕ್ರ ಮುಚ್ಚಿದ ಕಾರು ಸುರಕ್ಷಿತವೇ? ಅದೂ ಇಲ್ಲ, 2023ರ ಜನವರಿಯಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ, ಸಲೂನ್ ಕಾರುಗಳ ರೇಸಿನಲ್ಲೇ, ಇನ್ನೊಂದು ಕಾರಿಗೆ ತಾಗಿ ಹಿರಿಯ ರೇಸರ್ ಒಬ್ಬರು ಪ್ರಾಣ ಕಳೆದುಕೊಂಡರು. ಅದಕ್ಕೇ ಎಲ್ಲವನ್ನೂ ಮನ್ನಿಸಲಾಗದು: ತಾಗಿದ್ದನ್ನು ಮನ್ನಿಸಿ, ತಳ್ಳಿ ಗಳಿಸಿದ್ದನ್ನು ಕಿತ್ತುಕೊಳ್ಳಬೇಕು. ಉದ್ದೇಶ ಅಳೆಯುವುದು ಹೇಗೆ ಎಂಬ ತಕರಾರು ಬರುತ್ತದೆ. ಅಳೆಯಬೇಡಿ, ಲಾಭ ಯಾರಿಗಾಯಿತು ನೋಡಿ. 1990ರಲ್ಲಿ ಜಪಾನಿನ ಸುಝುಕಾದಲ್ಲಿ ನಡೆದ ಫಾರ್ಮುಲಾ ಒನ್ ರೇಸಿನ ಮೊದಲ ತಿರುವಿನಲ್ಲೇ ಎದುರಾಳಿ ಪ್ರಾಸ್ಟ್‌ಗೆ ಗುದ್ದಿದ ಸೆನ್ನಾ ಚಾಂಪಿಯನ್ ಆದ, ಲಾಭ ಅವನಲ್ಲೇ ಉಳಿಯಿತು. ಆದರೆ 1997ರಲ್ಲಿ ಸ್ಪೇನಿನ ಹೆರೆಜ್‌ನಲ್ಲಿ ವಿಲ್ನೂವ್‌ಗೆ ಗುದ್ದಿದ ಶುಮಾಕರ್‌ನ ಹೆಸರನ್ನು ಆ ವರ್ಷದ ಚಾಂಪಿಯನ್‌ಶಿಪ್ ಪಟ್ಟಿಯಿಂದಲೇ ತೆಗೆದರು, ಅವನು ಎರಡನೇ ಸ್ಥಾನದಲ್ಲಿದ್ದರೂ.